ತಲೆಗೆ ಆಯಸ್ಕಾಂತ ಇಟ್ಟರೆ ಕುಡಿತ ಬಿಡುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಹೊಳಲ್ಕೆರೆ ಹತ್ತಿರದ ಹಳ್ಳಿ, ಅಣ್ಣನಿಗೆ 38 ವರ್ಷ, ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಬೇಕೇ ಬೇಕು. ಬೆಂಗಳೂರಿನಲ್ಲಿ ತಲೆಗೆ ಆಯಸ್ಕಾಂತ ಇಟ್ಟು ಕುಡಿತ ಬಿಡಿಸುತ್ತಾರೆ ಅನ್ನುವ ವಿಡಿಯೊ ನೋಡಿದ್ದೀರಿ. ಅದು ನಿಜವಾ, ಕರೆಂಟ್ ಶಾಕ್ ಥರದ್ದಾ, ಅಡಿಕೆ ಮಾರಿದ ದುಡ್ಡನ್ನು ಅದಕ್ಕೆ ಹಾಕಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಒಂದು ಮೆಕ್ಕೆಜೋಳದ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಹದಿನಾಲ್ಕು ವರ್ಷ ಕುಡಿದವನು. ಆ ಮೆಷಿನ್ ಕೆಳಗೆ ಹತ್ತು ದಿನ ಕೂತು ಬಂದವನು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಶಾಕ್ ವಿಷಯ. ಅಲ್ಲ, ಇದು ಅದಲ್ಲ. ಶಾಕ್ ಟ್ರೀಟ್‌ಮೆಂಟ್‌ನಲ್ಲಿ ಅರಿವಳಿಕೆ ಕೊಟ್ಟು, ಬೇಕಂತಲೇ ಫಿಟ್ಸ್ ಬರಿಸುತ್ತಾರೆ. ಇದರಲ್ಲಿ ನೀವು ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತೀರಿ. ಇದರ ಹೆಸರು ಆರ್‌ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥೊನಿ ಬಾರ್ಕರ್ ಮತ್ತು ಜೊತೆಗಾರರು ಇದರ ಮೊದಲ ರೂಪ ತೋರಿಸಿದರು. ಎಂಟು ಅಂಕಿಯ ಆಕಾರದಲ್ಲಿ ಸುತ್ತಿದ ತಂತಿಯ ಸುರುಳಿಯನ್ನು ತಲೆಗೆ ತಾಗಿಸಿ ಹಿಡಿಯುತ್ತಾರೆ. ಅದರಲ್ಲಿ ಕ್ಷಣಮಾತ್ರ ಕರೆಂಟ್ ಹರಿದಾಗ ಆಯಸ್ಕಾಂತದ ಶಕ್ತಿ ಹುಟ್ಟುತ್ತದೆ. ಅದು ಬುರುಡೆ ದಾಟಿ ಹೋಗಿ, ಕೆಳಗಿನ ಮಿದುಳಿನ ಒಂದು ಸಣ್ಣ ಜಾಗದಲ್ಲಿ ಚೂರು ಕರೆಂಟ್ ಎಬ್ಬಿಸುತ್ತದೆ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ.

ಮೊದಲ ದಿನ ನನ್ನ ಹೆಬ್ಬೆರಳು ಹುಡುಕಿದರು. ನಗಬೇಡಿ. ತಲೆಯ ಮೇಲೆ ಸುರುಳಿ ಸರಿಸುತ್ತಾ ಹೋದಾಗ ಒಂದು ಜಾಗದಲ್ಲಿ ನನ್ನ ಹೆಬ್ಬೆರಳು ತಾನಾಗಿಯೇ ಎಗರಿತು. ನಾನು ಎತ್ತಿಲ್ಲ, ಅದೇ ಎಗರಿತು! ಮೆಷಿನ್ ಕನಿಷ್ಠ ಎಷ್ಟು ಜೋರು ಇಟ್ಟರೆ ಬೆರಳು ಎಗರುತ್ತದೆ ಅನ್ನುವುದರ ಮೇಲೆ ನನಗೆ ಎಷ್ಟು ಡೋಸ್ ಅಂತ ಲೆಕ್ಕ ಹಾಕಿದರು. ಆಮೇಲೆ ಸುರುಳಿಯನ್ನು ಮುಂದಕ್ಕೆ ತಂದು, ಹಣೆಯ ಮೇಲೆ ಬಲಪಕ್ಕಕ್ಕೆ ಇಟ್ಟರು. "ಬೇಡ, ಸಾಕು" ಅಂತ ನಮ್ಮನ್ನು ತಡೆಯುವ ಕೆಲಸದಲ್ಲಿ ಆ ಭಾಗಕ್ಕೆ ದೊಡ್ಡ ಪಾಲಿದೆಯಂತೆ. ಕುಡುಕರಲ್ಲಿ ಅದೇ ಸೋತಿರುತ್ತದೆ.

ಸದ್ದು ಹೇಗಿತ್ತು ಅಂದರೆ, ನಮ್ಮ ಮಂಡಿಯಲ್ಲಿ ಗೋಣಿಚೀಲದ ಬಾಯಿ ಹೊಲಿಯುವ ಮೆಷಿನ್ ಇದೆಯಲ್ಲ, ಥೇಟ್ ಅದೇ. ಟಕಟಕಟಕ ಅಂತ ಐದು ಸೆಕೆಂಡು, ಆಮೇಲೆ ಅರ್ಧ ನಿಮಿಷ ಸುಮ್ಮನೆ, ಮತ್ತೆ ಟಕಟಕ. ಕಿವಿಗೆ ಬೆಂಡು ಕೊಟ್ಟಿರುತ್ತಾರೆ. ಹುಬ್ಬು ಅದುರುತ್ತದೆ. ಎರಡು ದಿನ ತಲೆನೋವು ಬಂತು, ಪ್ಯಾರಾಸಿಟಮಾಲ್‌ಗೆ ಹೋಯಿತು. ಅಷ್ಟೇ ಕಷ್ಟ.

ಕೆಲಸ ಮಾಡಿತಾ ಅಂದರೆ, ಮಾಡಿತು ಅಂತಲೇ ನನಗೆ ಅನ್ನಿಸಿತು. ನನಗೆ ಸಂಜೆ ಆರು ಗಂಟೆ ಅಂದರೆ ಮಂಡಕ್ಕಿ, ಮಿರ್ಚಿ, ಪ್ಲಾಸ್ಟಿಕ್ ಲೋಟ. ಮಿರ್ಚಿ ಬಾಣಲೆಯ ವಾಸನೆ ಬಂದರೆ ಸಾಕು, ಗಂಟಲು ಎಳೆಯುತ್ತಿತ್ತು. ಊರಿಗೆ ಬಂದ ಮೊದಲ ವಾರ ಅದೇ ಬಂಡಿಯ ಮುಂದೆ ನಿಂತು ಬರೀ ಮಿರ್ಚಿ ತಿಂದು ಮನೆಗೆ ಬಂದೆ. ಸೆಳೆತ ಇರಲಿಲ್ಲ ಅಂತಲ್ಲ. ಇತ್ತು, ಆದರೆ ಯಾರೋ ಪಕ್ಕದ ಕೋಣೆಯಲ್ಲಿ ಕೂಗಿದ ಹಾಗಿತ್ತು.

ಮೂರನೇ ತಿಂಗಳು ಜಾರಿದೆ. ಸುಗ್ಗಿ, ಕೈಯಲ್ಲಿ ದುಡ್ಡು, ರಾತ್ರಿ ಹನ್ನೊಂದರವರೆಗೆ ಲೋಡು. ಒಂದು ಕ್ವಾರ್ಟರ್ ಅಂತ ಶುರುವಾಗಿ ಹನ್ನೆರಡು ದಿನ ನಡೆಯಿತು.

ಇಲ್ಲಿ ನನ್ನ ಗೆಳೆಯನ ಕತೆ ಹೇಳಲೇಬೇಕು. ನಮ್ಮ ಮಂಡಿಯಲ್ಲೇ ಹಮಾಲಿ. ನಿಮ್ಮ ಅಣ್ಣನ ಹಾಗೆ ಬೆಳಿಗ್ಗೆಯೇ ಬೇಕಾದವನು. ದುಗ್ಗಮ್ಮನಿಗೆ ಹರಕೆ ಹೊತ್ತು ಒಂದೇ ಏಟಿಗೆ ಬಿಟ್ಟ. ಎರಡನೇ ದಿನ ಚೀಲ ಹೊತ್ತವನು ಹಾಗೇ ಬಿದ್ದ, ಫಿಟ್ಸ್. ಆ ರಾತ್ರಿ ಆಸ್ಪತ್ರೆಯಲ್ಲಿ, ಇಲ್ಲದ ಇರುವೆಗಳನ್ನು ಹಾಸಿಗೆಯಿಂದ ಆರಿಸುತ್ತಿದ್ದ. ಆಗಲೇ ನಮಗೆ ಗೊತ್ತಾಗಿದ್ದು, ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು ಅಂತ. ಮುಂದೆ ನಾನು ಬೆಂಗಳೂರಿಗೆ ಹೊರಟಾಗ ಅವನೂ ಬಂದ. ಫಿಟ್ಸ್ ಬಂದಿತ್ತು ಅಂದ ತಕ್ಷಣ ಅವನಿಗೆ ಮೆಷಿನ್ ಬೇಡ ಅಂದರು. ಆಯಸ್ಕಾಂತದಿಂದ ಫಿಟ್ಸ್ ಬರುವುದು ತೀರಾ ಅಪರೂಪ, ಆದರೆ ಒಮ್ಮೆ ಬಂದವರಿಗೆ, ಆಗಷ್ಟೇ ಕುಡಿತ ನಿಲ್ಲಿಸಿದವರಿಗೆ ಆ ಭಯ ಜಾಸ್ತಿ. ತಲೆಯೊಳಗೆ ಲೋಹದ ಕ್ಲಿಪ್, ಕಿವಿಯೊಳಗೆ ಆಪರೇಷನ್ ಮಾಡಿ ಕೂರಿಸಿದ ಶ್ರವಣ ಯಂತ್ರ ಇದ್ದವರಿಗೂ ಮಾಡುವುದಿಲ್ಲ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಬೇಕು.

ಅವನಿಗೆ ಕುಡಿಯುವ ಸೆಳೆತ ಇಳಿಸುವ ಅಕಾಂಪ್ರೊಸೇಟ್ ಮಾತ್ರೆ ಕೊಟ್ಟರು, ದಿನಕ್ಕೆ ಮೂರು ಹೊತ್ತು. ತಿಂಗಳಿಗೊಮ್ಮೆ ಕೌನ್ಸೆಲಿಂಗ್. ಹೆಂಡತಿ ಮಾತ್ರೆ ಎಣಿಸಿ ಕೊಡುತ್ತಿದ್ದಳು. ಮೆಷಿನ್ ಸಿಗದ ಅವನು ಇವತ್ತಿನವರೆಗೆ ಮುಟ್ಟಿಲ್ಲ. ಮೆಷಿನ್ ಸಿಕ್ಕ ನಾನು ಜಾರಿ, ಅವನ ಜೊತೆಯಲ್ಲೇ ಹೋಗಿ ನಾಲ್ಟ್ರೆಕ್ಸೋನ್ ಅನ್ನುವ, ಸೆಳೆತ ಇಳಿಸುವ ಇನ್ನೊಂದು ಮಾತ್ರೆ ಶುರು ಮಾಡಿದೆ. ಆಮೇಲೆ ನಾನೂ ನಿಂತೆ. ಇದರಲ್ಲಿ ಎಷ್ಟು ಆಯಸ್ಕಾಂತದ್ದು, ಎಷ್ಟು ಮಾತ್ರೆಯದು, ಎಷ್ಟು ಅವನದು ಅಂತ ಕೇಳಿದರೆ ಲೆಕ್ಕ ಬರೆಯುವ ನನಗೂ ತಾಳೆ ಬೀಳುವುದಿಲ್ಲ.

ವಿಜ್ಞಾನಿಗಳ ಲೆಕ್ಕವೂ ಇನ್ನೂ ತಾಳೆ ಬಿದ್ದಿಲ್ಲ. ನಮ್ಮ ದೇಶದ್ದೇ ಒಂದು ಅಧ್ಯಯನ ಇದೆ. ರಾಂಚಿಯ ಕೇಂದ್ರೀಯ ಮನೋವೈದ್ಯ ಸಂಸ್ಥೆಯದು, 2010ರಲ್ಲಿ ಪ್ರಕಟವಾಯಿತು. 45 ಜನರಲ್ಲಿ 30 ಜನರಿಗೆ ನಿಜವಾದ ಆಯಸ್ಕಾಂತ, 15 ಜನರಿಗೆ ಸುಮ್ಮನೆ ಸದ್ದು ಮಾಡುವ ಸುಳ್ಳು ಆಯಸ್ಕಾಂತ. ಹತ್ತು ಸಿಟ್ಟಿಂಗ್ ಆದ ಮೇಲೆ ನಿಜದ್ದು ಸಿಕ್ಕವರಲ್ಲಿ ಕುಡಿಯುವ ಸೆಳೆತ ಜಾಸ್ತಿ ಇಳಿದಿತ್ತು. 2020ರಲ್ಲಿ ಸ್ವೀಡನ್ನಿನವರು ಮಿದುಳಿನ ಬೇರೆ ಭಾಗಕ್ಕೆ, 56 ಜನರ ಮೇಲೆ ಮಾಡಿ ನೋಡಿದರು. ಮಜಾ ಏನೆಂದರೆ ಎರಡೂ ಗುಂಪಿನವರ ಕುಡಿತ ಇಳಿಯಿತು, ಸುಳ್ಳು ಆಯಸ್ಕಾಂತದವರದ್ದೂ! ವ್ಯತ್ಯಾಸವೇ ಇರಲಿಲ್ಲ. 2022ರಲ್ಲಿ ಇನ್ನೂ ಆಳಕ್ಕೆ ಹೋಗುವ ಸುರುಳಿಯಿಂದ 51 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ವಿಪರೀತ ಕುಡಿಯುವ ದಿನಗಳು ಕಮ್ಮಿಯಾದವು. ಎಲ್ಲವೂ ಸಣ್ಣ ಗುಂಪುಗಳು, ನೋಡಿ. ಔಷಧಿ, ಚಿಕಿತ್ಸಾ ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಗೆ ಖಿನ್ನತೆಗಾಗಿ 2008ರಲ್ಲಿ, ಸಿಗರೇಟ್ ಬಿಡಿಸಲು 2020ರಲ್ಲಿ ಒಪ್ಪಿಗೆ ಕೊಟ್ಟಿತು. ಕುಡಿತಕ್ಕೆ ಕೊಟ್ಟಿಲ್ಲ.

ಹಾಗಾಗಿ ಯಾರಾದರೂ "ನೂರಕ್ಕೆ ನೂರು ಗ್ಯಾರಂಟಿ, ಪೂರ್ತಿ ದುಡ್ಡು ಮೊದಲೇ ಕಟ್ಟಿ" ಅಂದರೆ ಎದ್ದು ಬನ್ನಿ. ನನಗೂ ಒಂದು ಕ್ಲಿನಿಕ್‌ನವರು ಹಾಗೇ ಅಂದಿದ್ದರು. ನಾನು ಯಾವ ಮಾತ್ರೆ ತಗೊಳ್ಳುತ್ತೇನೆ ಅಂತ ಕೂಡ ಕೇಳಲಿಲ್ಲ. ತಲೆಗೆ ಒದ್ದೆ ಸ್ಪಂಜು ಕಟ್ಟಿ 2 ಮಿಲಿಆಂಪ್‌ನಷ್ಟು ಸಣ್ಣ ಕರೆಂಟ್ ಬಿಡುವ ಟಿಡಿಸಿಎಸ್ ಅನ್ನುವುದೂ ಒಂದಿದೆ. ಅದರ ಯಂತ್ರಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ತರಿಸಿ ಮನೆಯಲ್ಲಿ ಪ್ರಯೋಗ ಮಾಡಬೇಡಿ.

ಈಗ ನಿಮ್ಮ ಅಣ್ಣನ ವಿಷಯ. ಬೆಳಿಗ್ಗೆ ಪ್ಯಾಕೆಟ್ ಬೇಕು ಅನ್ನುವುದು ಬರೀ ಚಪಲ ಇರಲಾರದು. ಕೈ ನಡುಕ, ಬೆವರು, ಹೊಟ್ಟೆ ತೊಳಸುವುದು ನಿಲ್ಲಲಿ ಅಂತ ಕುಡಿಯುತ್ತಿರಬಹುದು. ಆಯಸ್ಕಾಂತ ಅದಕ್ಕಲ್ಲ. ಮೊದಲು ಒಂದು ವಾರ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ನಡುಕಕ್ಕೆ ಔಷಧಿ, ಥಯಾಮಿನ್ ವಿಟಮಿನ್ ಕೊಟ್ಟು ದಾಟಿಸಬೇಕು. ಇದಕ್ಕೆ ಬೆಂಗಳೂರು ಬೇಕಿಲ್ಲ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೊರಡುವ ಮೊದಲು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಮೇಲೆ ಮಾತ್ರೆ. ಮಾತ್ರೆಯೂ ಹಿಡಿಯದಿದ್ದರೆ ನಿಮ್ಹಾನ್ಸ್‌ನ ವ್ಯಸನ ವಿಭಾಗದಲ್ಲಿ ಆಯಸ್ಕಾಂತದ ಮಾತು ಎತ್ತಿ. ಅಡಿಕೆ ದುಡ್ಡು ಅಲ್ಲಿಯವರೆಗೆ ಇರಲಿ.

ಗೋಡೆಗಳ ಮೇಲೆ "ಗೊತ್ತಿಲ್ಲದಂತೆ ಕುಡಿತ ಬಿಡಿಸುತ್ತೇವೆ" ಅಂತ ಬರೆದಿರುತ್ತಾರಲ್ಲ, ಆ ಪುಡಿ ಮಾತ್ರ ಸಾರಿಗೆ ಬೆರೆಸಬೇಡಿ. ಅದರಲ್ಲಿ ಹೆಂಡ ಮೈಗೆ ಒಗ್ಗದ ಹಾಗೆ ಮಾಡುವ ಡೈಸಲ್ಫಿರಾಮ್ ಔಷಧಿ ಇದ್ದರೆ, ತಿಳಿಯದೆ ಅದರ ಮೇಲೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣವೇ ಹೋಗಬಹುದು.

ಆಸ್ಪತ್ರೆಗೆ ಹೋಗುವಾಗ ಒಂದು ಚೀಟಿ ಬರೆದುಕೊಳ್ಳಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಕುಡಿದಿದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತಾ. ಡಾಕ್ಟರ್ ಕೇಳಿದಾಗ ನಿಮ್ಮ ಅಣ್ಣ ಅರ್ಧದಷ್ಟು ಹೇಳುತ್ತಾನೆ. ನಾನು ಕಾಲು ಭಾಗ ಹೇಳಿದ್ದೆ.