ಕೊಂದವರು ಯಾರ ಕಡೆಯವರು?

ಪ್ರಿಯರೇ,

ಚೌರಿ ಚೌರಾ, ದಕ್ಷಿಣ ಆಫ್ರಿಕಾದ ಕ್ರಿಸ್ ಹಾನಿ ಹತ್ಯೆ ಮತ್ತು ನಾರ್ವೆಯ ಹತ್ಯಾಕಾಂಡಕ್ಕೆ ನಾಯಕರು ಪ್ರತಿಕ್ರಿಯಿಸಿದ ಬಗೆಯನ್ನು ಹೋಲಿಸಿ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಇದು ಕೈಬಿಡುವ ವಿಷಯವಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಸತ್ತವರ ಸಂಖ್ಯೆಯನ್ನು ಒಂದು ಕಡೆ, ನಾಯಕರ ಮಾತನ್ನು ಇನ್ನೊಂದು ಕಡೆ ಇಟ್ಟು ಯಾರು ಹೆಚ್ಚು ದೊಡ್ಡವರೆಂದು ತೀರ್ಪು ಕೊಟ್ಟಿದ್ದೀರಿ. ಕೊಂದವರು ಆ ನಾಯಕನ ಕಡೆಯವರೋ, ಸತ್ತವರು ಅವನ ಕಡೆಯವರೋ ಎಂದು ಎಲ್ಲಿಯೂ ಕೇಳಿಲ್ಲ. ಹೋಲಿಕೆ ಶುರುವಾಗಬೇಕಾದದ್ದೇ ಅಲ್ಲಿಂದ.

1922ರ ಫೆಬ್ರವರಿ 4ರಂದು ಚೌರಿ ಚೌರಾದ ಪೊಲೀಸ್ ಠಾಣೆಗೆ ಬೆಂಕಿ ಹಚ್ಚಿ 22 ಪೊಲೀಸರನ್ನು ಕೊಂದವರು ಗಾಂಧೀಜಿಯವರಿಗೆ ಜೈಕಾರ ಹಾಕುತ್ತಿದ್ದ ಜನ. ತಮ್ಮವರೇ ಮಾಡಿದ ತಪ್ಪಿಗೆ ಗಾಂಧೀಜಿ ಉಪವಾಸ ಕುಳಿತರು, ದೇಶವ್ಯಾಪಿ ಅಸಹಕಾರ ಚಳವಳಿಯನ್ನು ನಿಲ್ಲಿಸಿದರು. ಜೈಲಿನಲ್ಲಿದ್ದ ಮೋತಿಲಾಲ್ ನೆಹರೂ, ಚಿತ್ತರಂಜನ್ ದಾಸ್ ಅವರಂಥವರಿಗೆ ಈ ನಿರ್ಧಾರ ನುಂಗಲಾರದ ತುತ್ತಾಯಿತು. ನೀವು ಇಲ್ಲಿ ಕೈಮುಗಿದು ಮುಂದೆ ಹೋಗಿದ್ದೀರಿ. ಠಾಣೆಗೆ ಬೆಂಕಿ ಬಿದ್ದದ್ದು ಪೊಲೀಸರ ಗೋಲಿಬಾರಿನ ನಂತರ. ಮುಂದೆ 19 ಮಂದಿಯನ್ನು ಬ್ರಿಟಿಷ್ ಸರ್ಕಾರ ಗಲ್ಲಿಗೇರಿಸಿತು. ಆ 19 ಮಂದಿಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ನೋವು ತಂದಿತು. ಗಾಂಧೀಜಿಯವರ ನಿರ್ಧಾರವನ್ನು ನೀವು ಎಷ್ಟೇ ಮೆಚ್ಚಿದರೂ, ಗಲ್ಲಿಗೇರಿದವರನ್ನು ಮರೆತು ಬರೆದರೆ ಅದು ಸ್ತುತಿಯಾಗುತ್ತದೆ.

ಹಾನಿಯ ಭಾಗ ಇದಕ್ಕಿಂತ ಚೆನ್ನಾಗಿದೆ. 1993ರ ಏಪ್ರಿಲ್ 10ರಂದು ಕೊಲೆಯಾದ ಹಾನಿ, ವರ್ಣಭೇದದ ವಿರುದ್ಧದ ಹೋರಾಟದಲ್ಲಿ ಮಂಡೇಲಾ ಅವರ ಒಡನಾಡಿ. ಅಧಿಕಾರವಿದ್ದದ್ದು ಬಿಳಿಯರ ಸರ್ಕಾರದ ಅಧ್ಯಕ್ಷ ಡಿ ಕ್ಲರ್ಕ್ ಕೈಯಲ್ಲಿ. ಆದರೂ ಟಿ.ವಿ.ಯಲ್ಲಿ ದೇಶವನ್ನು ಸಮಾಧಾನಪಡಿಸಿದವರು ಮಂಡೇಲಾ. ಕೊಂದವನು ಬಿಳಿಯ, ಅವನು ಸಿಕ್ಕಿಬೀಳುವಂತೆ ಪೊಲೀಸರಿಗೆ ತಿಳಿಸಿದ ಮಹಿಳೆಯೂ ಬಿಳಿಯಳು ಎಂದು ಅವರು ನೆನಪಿಸಿದ್ದನ್ನು ಸರಿಯಾದ ಜಾಗದಲ್ಲಿ ತಂದಿದ್ದೀರಿ. ಆದರೆ ಬರೀ ಸಂಯಮದ ಮಾತಿಗೆ ಕಪ್ಪು ಜನರ ಸಿಟ್ಟು ಇಳಿಯುತ್ತಿರಲಿಲ್ಲ. ಎಲ್ಲ ಜನಾಂಗದವರೂ ಮತ ಹಾಕುವ ಮೊದಲ ಚುನಾವಣೆಯ ದಿನಾಂಕಕ್ಕಾಗಿ ಮಂಡೇಲಾ ಅವರ ಪಕ್ಷ ಪಟ್ಟು ಹಿಡಿಯಿತು. ಎರಡು ತಿಂಗಳೊಳಗೆ 1994ರ ಏಪ್ರಿಲ್ 27 ಗೊತ್ತಾಯಿತು. ಜನರಿಗೆ ತಾಳ್ಮೆ ಹೇಳಿದ ನಾಯಕ ಅವರ ಕೈಗೆ ಏನು ಕೊಟ್ಟ ಎಂಬುದನ್ನು ಬರೆಯಿರಿ.

ನಾರ್ವೆಯ ಬಗ್ಗೆ ಒಂದೇ ಮಾತು. 2011ರ ಜುಲೈ 22ರಂದು ಸತ್ತ 77 ಮಂದಿಯಲ್ಲಿ 69 ಮಂದಿ ಬಲಿಯಾದದ್ದು ಪ್ರಧಾನಿ ಸ್ಟೋಲ್ಟೆನ್‌ಬರ್ಗ್ ಅವರದೇ ಪಕ್ಷದ ಯುವ ಶಿಬಿರದಲ್ಲಿ. ಅವರ ಭಾಷಣಕ್ಕೇ ನೀವು ನಿಂತಿದ್ದೀರಿ. ಮರುವರ್ಷ ತನಿಖಾ ಆಯೋಗ ಪೊಲೀಸರ ವೈಫಲ್ಯವನ್ನು ಬಯಲು ಮಾಡಿತು, ಸ್ಟೋಲ್ಟೆನ್‌ಬರ್ಗ್ ಹೊಣೆ ಹೊತ್ತರು. ಅದೂ ಪ್ರತಿಕ್ರಿಯೆಯೇ.

ಇನ್ನು ಭಾಷೆ. ಪುಟಪುಟದಲ್ಲೂ 'ಹಿಂಸೆ ಭುಗಿಲೆದ್ದಿತು' ಎಂದಿದೆ. ಯಾರು ಯಾರನ್ನು ಕೊಂದರು ಎಂದು ನೇರವಾಗಿ ಹೇಳಿ. ಕೊನೆಯಲ್ಲಿ ನಾಯಕರಿಗೆ ಕೊಟ್ಟಿರುವ ಒಂದು, ಎರಡು, ಮೂರನೇ ಸ್ಥಾನಗಳನ್ನು ತೆಗೆದುಹಾಕಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ