ಹಳೇ ಗಾಜು, ಹಳೇ ಸಾಮಾನು ಕೊಂಡು ಮಾರುವ ಕೆಲಸವನ್ನು ಬಳ್ಳಾರಿ, ಕೊಪ್ಪಳದ ಕಡೆ ಶುರು ಮಾಡಬಹುದಾ?

ನೀವು ಗಂಗಾವತಿಯವರು. ಹಳೇ ಸೀಸೆ, ಕಂದೀಲು, ಗಾಜಿನ ಬರಣಿ ಕಂಡರೆ ನಿಮಗೆ ಆಸೆ. ಅವನ್ನು ಕೊಂಡು ಮಾರಿದರೆ ನಾಲ್ಕು ಕಾಸು ಸಿಗುತ್ತಾ, ಮಾಲು ಎಲ್ಲಿ ಸಿಗುತ್ತೆ, ಹಳೇದು ಯಾವುದು ಹೊಸದು ಯಾವುದು ಅಂತ ಹೇಗೆ ತಿಳಿಯೋದು ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಇದೇ ಕೆಲಸ ಮಾಡುತ್ತೇನೆ. ಕಾಸು ಸಿಗುತ್ತದೆ, ಆದರೆ ನಿಧಾನಕ್ಕೆ. ಶುರುವಿನ ಒಂದೆರಡು ವರ್ಷ ಇದನ್ನೇ ನಂಬಿ ಮನೆ ನಡೆಸೋದು ಕಷ್ಟ.

ಈ ಕೆಲಸಕ್ಕೆ ಬರುವವರು ಬಹಳ ಮಂದಿ ಮೊದಲು ಹುಡುಕೋದು ಬೆಲ್ಜಿಯಂ ಗಾಜನ್ನ. ದೀಪದ ಗೊಂಚಲು, ಬಣ್ಣದ ಹೂದಾನಿ, ಕೆತ್ತನೆಯ ಕನ್ನಡಿ. ಅದನ್ನು ಬಿಟ್ಟುಬಿಡಿ ಅಂತಲೇ ನಾನು ಹೇಳುತ್ತೇನೆ. ಬೆಲ್ಜಿಯಂ ಅಂತ ಕೂಗಿ ಮಾರುವ ಎಷ್ಟೋ ಮಾಲಿಗೆ ಆ ದೇಶದ ಸಂಬಂಧವೇ ಇರುವುದಿಲ್ಲ. ನಮ್ಮ ಸೀಮೆಯ ಸಾಮಾನ್ಯ ಮನೆಗಳಿಗೆ ಗಾಜು ಬಂದದ್ದು ಶೋಕಿಗಲ್ಲ, ಕೆಲಸಕ್ಕೆ. ಸೋಡಾ ತುಂಬೋಕೆ, ಔಷಧಿ ಕೊಡೋಕೆ, ಗಾಳಿಗೆ ದೀಪ ಆರದ ಹಾಗೆ ನೋಡಿಕೊಳ್ಳೋಕೆ, ಶಾಯಿ, ಅತ್ತರು, ಪೆಪ್ಪರಮೆಂಟು ಇಡೋಕೆ. ಈ ದುಡಿಯುವ ಗಾಜು ನಮ್ಮ ಅಟ್ಟಗಳಲ್ಲಿ, ಗುಜರಿಗಳಲ್ಲಿ ಈಗಲೂ ಸಿಗುತ್ತದೆ. ಅದನ್ನೇ ಚೆನ್ನಾಗಿ ಕಲಿಯಿರಿ. ನಿಮ್ಮೂರಿನ ವಿಷಯದಲ್ಲಿ ನಿಮಗಿಂತ ಜಾಸ್ತಿ ಗೊತ್ತಿರುವ ವ್ಯಾಪಾರಿ ಬೆಂಗಳೂರಿನಲ್ಲೂ ಇರುವುದಿಲ್ಲ.

ಎಲ್ಲಿಯ ಮಾಲು ಎಲ್ಲಿಗೆ ಬಂತು ಅಂತ ತಿಳಿಯೋಕೆ ಸ್ವಲ್ಪ ಚರಿತ್ರೆ ಬೇಕು. 1800ರಲ್ಲಿ ನಿಜಾಮರು ಬಳ್ಳಾರಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟರು. ಆಮೇಲೆ ಇಲ್ಲಿ ದೊಡ್ಡ ದಂಡು ಬಂದು ಕೂತಿತು. 1953ರಲ್ಲಿ ಮೈಸೂರಿಗೆ ಸೇರುವ ತನಕ ನಾವು ಮದ್ರಾಸಿನ ಕಡೆಯವರು. ನಿಮ್ಮ ಗಂಗಾವತಿ, ಕೊಪ್ಪಳ, ರಾಯಚೂರು 1948ರವರೆಗೆ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದವು. ಹಾಗಾಗಿ ತುಂಗಭದ್ರೆಯ ಈ ದಡದಲ್ಲಿ ಮದ್ರಾಸಿನ ವಿಳಾಸದ ಸೀಸೆ ಸಿಕ್ಕರೆ ಆಶ್ಚರ್ಯವಿಲ್ಲ, ಆ ದಡದಲ್ಲಿ ಹೈದರಾಬಾದಿನದು ಸಿಕ್ಕರೂ ಇಲ್ಲ. 1871ರಲ್ಲಿ ಮುಂಬೈ ಕಡೆಯ ರೈಲು ದಾರಿ ಮದ್ರಾಸ್ ಕಡೆಯ ದಾರಿಯನ್ನು ಕೂಡಿದ್ದು ರಾಯಚೂರಿನಲ್ಲಿ. ಅಲ್ಲಿಂದಾಚೆ ಎರಡೂ ಕಡೆಯ ಸಾಮಾನು ನಮ್ಮ ಸಂತೆಗಳಿಗೆ ಇಳಿಯೋದು ಸುಲಭವಾಯಿತು.

ಗೋಲಿ ಸೋಡಾ ಸೀಸೆಯಿಂದ ಶುರು ಮಾಡಿ. ಇದನ್ನು ರೂಪಿಸಿದವನು ಹೈರಮ್ ಕಾಡ್ ಅನ್ನುವ ಇಂಗ್ಲಿಷ್ ಎಂಜಿನಿಯರ್, 1870ರ ದಶಕದ ಶುರುವಿನಲ್ಲಿ. ಕತ್ತಿನೊಳಗೆ ಒಂದು ಗೋಲಿ, ಬಾಯಿಯ ಒಳಗೆ ಒಂದು ರಬ್ಬರ್ ಉಂಗುರ. ಸೀಸೆಯನ್ನು ತಲೆಕೆಳಗು ಮಾಡಿ ಗ್ಯಾಸ್ ತುಂಬಿದರೆ ಒಳಗಿನ ಒತ್ತಡವೇ ಗೋಲಿಯನ್ನು ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಬಿರಡೆ ಬೇಡ, ಮುಚ್ಚಳ ಬೇಡ. ಕತ್ತು ಹಿಸುಕಿದ ಹಾಗಿರೋದು ಯಾಕೆ ಅಂದರೆ ಗೋಲಿ ಕೆಳಗೆ ಬೀಳಬಾರದು, ಕುಡಿಯುವಾಗ ಅಡ್ಡವೂ ಬರಬಾರದು. ಎಂಥ ಚೆಂದದ ಯೋಚನೆ ನೋಡಿ! ಗೋಲಿಯ ಆಸೆಗೆ ಮಕ್ಕಳು ಒಡೆದ ಸೀಸೆಗಳಿಗೆ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲೂ ಇದೇ ಕಥೆ. ಆದ್ದರಿಂದ ಹಳೇ ಸೀಸೆ ಇಡಿಯಾಗಿ ಸಿಕ್ಕರೆ ಅದಕ್ಕೆ ಬೆಲೆ.

ಆದರೆ ಹುಷಾರು. ಗೋಲಿ ಸೋಡಾ ಸೀಸೆ ನಮ್ಮ ದೇಶದಲ್ಲಿ ಈಗಲೂ ತಯಾರಾಗುತ್ತದೆ. ಕಡುನೀಲಿ, ಕೆಂಪು, ಹಳದಿ ಬಣ್ಣದಲ್ಲಿ ಉಬ್ಬು ಅಕ್ಷರ ಹಾಕಿ ‘ಬ್ರಿಟಿಷರ ಕಾಲದ್ದು’ ಅಂತ ಮಾರುವುದೂ ಇದೆ. ನಮ್ಮ ಕಡೆ ಬಳಸಿದ ಹಳೇ ಸೀಸೆಗಳು ಹೆಚ್ಚಾಗಿ ತಿಳಿಹಸಿರು ಅಥವಾ ನೀರಿನ ಬಣ್ಣದವು. ಮೊದಲು ತಳ ನೋಡಿ. ವರ್ಷಗಟ್ಟಲೆ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಕಲ್ಲಿನ ಕಟ್ಟೆಯ ಮೇಲೆ ತಿಕ್ಕಾಡಿದ ಸೀಸೆಯ ತಳದಂಚಿನಲ್ಲಿ ಸಣ್ಣ ಸಣ್ಣ ಗೀರುಗಳು ದಿಕ್ಕುದಿಕ್ಕಿಗೆ ಹರಡಿರುತ್ತವೆ. ಉಪ್ಪು ಕಾಗದ ತಿಕ್ಕಿ ಹಳೇದು ಮಾಡಿದ್ದರೆ ಗೀರುಗಳು ಒಂದೇ ದಿಕ್ಕಿಗಿರುತ್ತವೆ. ಗೋಲಿಯನ್ನೂ ನೋಡಿ. ದುಡಿದ ಸೀಸೆಯ ಗೋಲಿ ನುಣುಪು ಕಳೆದುಕೊಂಡು ಮಂಕಾಗಿರುತ್ತದೆ.

ನನಗೆ ಬಹಳ ಇಷ್ಟವಾದ ಭಾಗ ಚೀಟಿ ಓದೋದು. ಸೀಸೆಗೆ ಅಂಟಿಸಿದ ಕಾಗದ, ಡಬ್ಬಿಯ ಮೇಲಿನ ಅಚ್ಚು, ಗಾಜಿನ ಮೇಲಿನ ಉಬ್ಬು ಅಕ್ಷರ, ಇವು ಕಾಲ ಹೇಳುತ್ತವೆ. ಬೆಲೆ ಆಣೆಯಲ್ಲಿದ್ದರೆ ಅದು ಹೆಚ್ಚುಕಡಿಮೆ 1957ಕ್ಕಿಂತ ಹಿಂದಿನದು, ಯಾಕಂದರೆ ಆ ವರ್ಷದ ಏಪ್ರಿಲ್‌ನಲ್ಲಿ ದಶಮಾನ ನಾಣ್ಯ ಬಂತು. ‘ನಯಾ ಪೈಸೆ’ ಅಂತಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ನಿಮ್ಮೂರಿಗೆ ಇನ್ನೊಂದು ಸುಳಿವಿದೆ. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ‘ಗಂಗಾವತಿ, ಜಿಲ್ಲಾ ರಾಯಚೂರು’ ಅಂತ ಅಚ್ಚಾಗಿದ್ದರೆ ಅದು ಅದಕ್ಕೂ ಮುಂಚಿನದು. ಗಾಜಿನ ತಳದಲ್ಲಿ ಚೆಕೊಸ್ಲೊವಾಕಿಯ ಅಂತಿದ್ದರೆ 1918ಕ್ಕಿಂತ ಹಳೇದಾಗಿರಲು ಸಾಧ್ಯವೇ ಇಲ್ಲ, ಆ ದೇಶ ಹುಟ್ಟಿದ್ದೇ ಆಗ. ಅದಕ್ಕೇ ಹರಿದ ಚೀಟಿಯನ್ನು ನೀರಿಗೆ ಹಾಕಿ ಕಿತ್ತುಹಾಕಬೇಡಿ. ಹೊಳೆಯುವ ಖಾಲಿ ಸೀಸೆಗಿಂತ ಚೀಟಿ ಉಳಿದ ಕೊಳಕು ಸೀಸೆಗೆ ಗಿರಾಕಿ ಜಾಸ್ತಿ ಕೊಡುತ್ತಾನೆ.

ಕಂದೀಲಿನ ವಿಷಯಕ್ಕೆ ಬಂದರೆ ಎಲ್ಲರೂ ಜರ್ಮನಿಯದನ್ನು ಕೇಳುತ್ತಾರೆ. ಅದು ಒಳ್ಳೆಯದೇ. ಆದರೆ ನಾನು ಮನಸ್ಸಿಟ್ಟು ಹುಡುಕೋದು ‘ಪ್ರಭಾಕರ’ ಕಂದೀಲು. ಮಹಾರಾಷ್ಟ್ರದ ಕರಾಡದ ಹತ್ತಿರ ಓಗಲೆ ಬಂಧುಗಳು 1916ರಲ್ಲಿ ಗಾಜಿನ ಕಾರ್ಖಾನೆ ತೆರೆದರು. ಅದರಿಂದಲೇ ಆ ಜಾಗಕ್ಕೆ ಓಗಲೆವಾಡಿ ಅಂತ ಹೆಸರು ಬಂತು. ಸ್ವದೇಶಿ ಹಟದಿಂದ ಹುಟ್ಟಿದ ಕಂದೀಲು ಅದು. ನಿಮ್ಮ ಕಡೆ ಹಳೇ ಮನೆಗಳಲ್ಲಿ ಒಮ್ಮೊಮ್ಮೆ ಸಿಗುತ್ತದೆ. ತಗಡು ತುಕ್ಕು ಹಿಡಿದಿದ್ದರೂ ಹೆಸರಿನ ಅಚ್ಚು ಓದುವ ಹಾಗಿದ್ದರೆ ತಗೊಳ್ಳಿ. ಮೂಲ ಗಾಜು ಇದ್ದರೆ ಇನ್ನೂ ಒಳ್ಳೆಯದು. ತುಕ್ಕು ಕೆರೆದು ಬಣ್ಣ ಹೊಡೆಯೋದು ಮಾತ್ರ ಬೇಡ.

ಗಾಜಿನ ಮೈ ಓದೋದು ಕೈಗೆ ಬರಬೇಕು, ಬರೀ ಓದಿದರೆ ಸಾಲದು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಸೀಸೆಯ ಪಕ್ಕದಲ್ಲಿ ಒಂದು ಗೆರೆ ಏಳುತ್ತದೆ. ಅದು ಬಾಯಂಚಿನ ತನಕ ಹತ್ತಿದ್ದರೆ ಯಂತ್ರದಲ್ಲಿ ಮಾಡಿದ್ದು. ಕತ್ತಿನ ಹತ್ತಿರ ಮಾಯವಾಗಿದ್ದರೆ ಬಾಯಿಯನ್ನು ಕೈಯಲ್ಲಿ ತಿದ್ದಿರುವ ಸಾಧ್ಯತೆ ಜಾಸ್ತಿ. ತಳದಲ್ಲಿ ಒರಟು ಗಾಯದಂಥ ಗುರುತಿದ್ದರೆ, ಬಾಯಿ ತಿದ್ದುವಾಗ ಕಬ್ಬಿಣದ ಸರಳು ಅಂಟಿಸಿ ಮುರಿದ ಜಾಗ ಅದು. ಅಮೆರಿಕದ ಮೈಕೆಲ್ ಓವೆನ್ಸ್ ತಾನಾಗಿಯೇ ಸೀಸೆ ಮಾಡುವ ಯಂತ್ರ ತಂದದ್ದು 1903ರ ಸುಮಾರಿಗೆ. ಹಾಗಂತ ಕೈಯಲ್ಲಿ ಮಾಡಿದ್ದೆಲ್ಲ ಅದಕ್ಕೂ ಹಿಂದಿನದು ಅಂದುಕೊಳ್ಳಬೇಡಿ. ಫಿರೋಜಾಬಾದಿನಲ್ಲಿ ಇವತ್ತಿಗೂ ಬಾಯಲ್ಲಿ ಊದಿ ಗಾಜು ಮಾಡುತ್ತಾರೆ. ವಿದೇಶದ ವಿಡಿಯೋ ನೋಡಿ ಕಲಿತವರು ಎಡವೋದು ಇಲ್ಲೇ. ಕೊಳ್ಳುವ ಮುಂಚೆ ಬಾಯಂಚಿನ ಸುತ್ತ ಬೆರಳು ಆಡಿಸಿ, ಚಕ್ಕೆ ಎದ್ದಿದ್ದರೆ ತಿಳಿಯುತ್ತದೆ. ಲೋಟವಾದರೆ ಉಗುರಿನಿಂದ ಮೆಲ್ಲಗೆ ತಟ್ಟಿ. ದನಿ ಸತ್ತ ಹಾಗಿದ್ದರೆ ಎಲ್ಲೋ ಬಿರುಕಿದೆ.

ಬಣ್ಣದ ಬಗ್ಗೆ ಒಂದು ವಿಷಯ ಹೇಳಲೇಬೇಕು, ನಮ್ಮ ಜಿಲ್ಲೆಗೆ ಹತ್ತಿರದ್ದು. ಮರಳಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ತೆಗೆಯೋಕೆ ಮೊದಲು ಮ್ಯಾಂಗನೀಸ್ ಬೆರೆಸುತ್ತಿದ್ದರು. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಅಗೆಯುತ್ತಾರಲ್ಲ, ಅದೇ ಮ್ಯಾಂಗನೀಸ್. ಅಂಥ ಗಾಜು ವರ್ಷಾನುಗಟ್ಟಲೆ ಬಿಸಿಲಿಗೆ ಬಿದ್ದರೆ ನಸುನೇರಳೆಗೆ ತಿರುಗುತ್ತದೆ. ಬಿಳಿ ಸೀಸೆಯಲ್ಲಿ ತೆಳುವಾದ ನೇರಳೆ ಕಂಡರೆ ಕೆಳಗಿಡಬೇಡಿ. ಇನ್ನು ಯುರೇನಿಯಂ ಬೆರೆಸಿದ ಹಳದಿ-ಹಸಿರು ಗಾಜು. ನೇರಳಾತೀತ ಟಾರ್ಚ್ ಹಾಕಿದರೆ ಕತ್ತಲಲ್ಲಿ ಪಚ್ಚೆ ಹಸಿರಾಗಿ ಹೊಳೆಯುತ್ತದೆ. ಮ್ಯಾಂಗನೀಸ್ ಗಾಜೂ ಸ್ವಲ್ಪ ಹಸಿರು ಮಿನುಗುತ್ತದೆ, ಆದರೆ ಮಂದವಾಗಿ. ಯುರೇನಿಯಂ ಗಾಜು ಕಪಾಟಿನಲ್ಲಿಟ್ಟು ನೋಡೋಕೆ ಚೆಂದ, ಅದರಲ್ಲಿ ತಿನ್ನೋದು ಕುಡಿಯೋದು ಬೇಡ ಅಂತ ಗಿರಾಕಿಗೆ ಹೇಳಿಯೇ ಮಾರಿ.

ಮಾಲು ಎಲ್ಲಿ ಅಂದಿರಿ. ಗುಜರಿ ಅಂಗಡಿಯವರ ಜೊತೆ ಒಳ್ಳೇ ಮಾತು ಇಟ್ಟುಕೊಳ್ಳಿ. ಕಬ್ಬಿಣ, ಹಿತ್ತಾಳೆ ಅವರಿಗೆ ತೂಕ, ಗಾಜು ತಲೆನೋವು. ‘ಅಣ್ಣಾ, ಒಡೆಯೋಕೆ ಮುಂಚೆ ನನಗೊಂದು ಫೋನ್ ಮಾಡು’ ಅಂತ ಹೇಳಿಡಿ, ಹೇಳಿದ ಮೇಲೆ ತಪ್ಪದೆ ಹೋಗಿ. ಯುಗಾದಿ, ದಸರೆಗೆ ಮುಂಚೆ ಮನೆ ಸುಣ್ಣ ಬಣ್ಣ ನಡೆಯುವಾಗ ಅಟ್ಟದ ಸಾಮಾನು ಹೊರಗೆ ಬೀಳುತ್ತದೆ. ಹಳೇ ಮನೆ ಕೆಡವುವ ಕಡೆ, ಬಾಗಿಲು ಹಾಕುತ್ತಿರುವ ಔಷಧಿ ಅಂಗಡಿ, ಕಿರಾಣಿ ಅಂಗಡಿ, ಸೋಡಾ ಮಾಡುವ ಮನೆ, ಫೋಟೋ ಸ್ಟುಡಿಯೋ, ಎಲ್ಲ ಕಡೆ ಕೇಳಿ.

ಮನೆಗಳಿಗೆ ಹೋಗಿ ಕೊಳ್ಳುವಾಗ ಒಂದು ನೇಮ ಇಟ್ಟುಕೊಳ್ಳಿ ಅಂತ ಕೈ ಮುಗಿದು ಕೇಳುತ್ತೇನೆ. ವಯಸ್ಸಾದವರು ಬೆಲೆ ಗೊತ್ತಿಲ್ಲದೆ ‘ತಗೊಂಡು ಹೋಗಪ್ಪ’ ಅಂದರೆ ಸುಮ್ನೆ ಎತ್ತಿಕೊಂಡು ಬರಬೇಡಿ. ಅದು ಏನು, ಎಷ್ಟು ಬಾಳುತ್ತದೆ ಅಂತ ಹೇಳಿ. ರಾಯಚೂರಿನ ಕಡೆ ಒಬ್ಬ ಅಜ್ಜಿ ಗುಲಾಬಿ ನೀರು ಚಿಮುಕಿಸುವ ಗಾಜಿನ ದಾನಿ ಕೊಡೋಕೆ ತೆಗೆದಿದ್ದರು. ಅದರ ಬೆಲೆ ಹೇಳಿದೆ. ಮೊಮ್ಮಗಳ ಮದುವೆಗೆ ಇರಲಿ ಅಂತ ಒಳಗಿಟ್ಟರು. ಆಮೇಲೆ ಅದೇ ಓಣಿಯವರು ನನ್ನನ್ನು ಕರೆದು ಎಷ್ಟೋ ಸಾಮಾನು ಕೊಟ್ಟಿದ್ದಾರೆ. ಈ ವ್ಯಾಪಾರದ ಬಂಡವಾಳ ಅಂದರೆ ಆ ಕರೆಯೇ.

ಈಗ ಕಾನೂನು. ನೀವಿರೋದು ಹಂಪಿ, ಆನೆಗೊಂದಿಯ ಮಗ್ಗುಲಲ್ಲಿ, ಹಾಗಾಗಿ ಇದನ್ನು ಒತ್ತಿ ಹೇಳುತ್ತೇನೆ. ಇವತ್ತಲ್ಲ ನಾಳೆ ಯಾರೋ ಬಂದು ಕಲ್ಲಿನ ಮೂರ್ತಿ, ಹಳೇ ನಾಣ್ಯದ ಗಡಿಗೆ, ತಾಮ್ರದ ಪಟ್ಟಿ ಅಂತ ಪಿಸುಗುಟ್ಟುತ್ತಾರೆ. ಮುಟ್ಟಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಶಲ ಕೆಲಸದ ವಸ್ತುಗಳು ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತವೆ. ಹಸ್ತಪ್ರತಿಗಳಿಗೆ ಎಪ್ಪತ್ತೈದೇ ವರ್ಷ. ಅಂಥದ್ದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗೇ ಇಲ್ಲ. ಜಿಂಕೆ ಕೊಂಬು, ಹುಲಿ ಉಗುರು, ಆನೆ ದಂತ ಕೊಳ್ಳೋದೂ ಮಾರೋದೂ ಅಪರಾಧ, ತಾತನ ಕಾಲದ್ದು ಅಂದರೂ ಅಷ್ಟೇ. ಕೊಂಡ ಪ್ರತಿ ಸಾಮಾನಿಗೂ ಕೊಟ್ಟವರ ಹೆಸರು, ಫೋನ್ ನಂಬರು, ತಾರೀಖು, ಸಹಿ ಒಂದು ಪುಸ್ತಕದಲ್ಲಿರಲಿ. ಕದ್ದ ಮಾಲು ನಿಮ್ಮ ಕಡೆ ಬರದ ಹಾಗೆ ಆ ಪುಸ್ತಕವೇ ತಡೆಯುತ್ತದೆ.

ತೊಳೆಯುವಾಗ ಅವಸರ ಬೇಡ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ತಾಗಿದರೆ ಸೀಳುತ್ತದೆ. ನೆರಳಲ್ಲಿಟ್ಟು ಆರಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕೈ ಹೋಗದ ಸೀಸೆಯೊಳಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಮೆಲ್ಲಗೆ ಅಲ್ಲಾಡಿಸಿ. ಬೋರ್ ನೀರಿನ ಬಿಳಿ ಪೊರೆ ನಿಂಬೆರಸಕ್ಕೋ ವಿನೆಗರ್‌ಗೋ ಬಿಡುತ್ತದೆ. ಬಿಡದಿದ್ದರೆ ಗಾಜೇ ಸವೆದಿದೆ ಅಂತ ಅರ್ಥ, ಅದನ್ನು ತಿಕ್ಕಿ ಉಪಯೋಗವಿಲ್ಲ. ಚಿನ್ನದ ಅಂಚಿದ್ದರೆ ಹುಳಿಯ ಹತ್ತಿರವೂ ತರಬೇಡಿ.

ಬೆಲೆ ಕಟ್ಟೋಕೆ ನನ್ನ ಲೆಕ್ಕ ಸರಳ. ಮಾರುವ ಬೆಲೆಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೊಟ್ಟು ಕೊಂಡರೆ ಬಸ್ ಚಾರ್ಜು, ಪ್ಯಾಕಿಂಗು, ಒಡೆದು ಹೋಗೋದು ಎಲ್ಲ ಸೇರಿ ಕೈಯಲ್ಲಿ ಏನೂ ಉಳಿಯಲ್ಲ. ಆನ್‌ಲೈನ್‌ನಲ್ಲಿ ಕೇಳುವ ಬೆಲೆ ನೋಡಬೇಡಿ, ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಫೋಟೋದಲ್ಲಿ ಬಿರುಕು, ಚಕ್ಕೆ ಮೊದಲು ಕಾಣಲಿ. ಕಾಲ ಖಚಿತವಿಲ್ಲದಿದ್ದರೆ ‘ಹಳೇದು’ ಅಂತಷ್ಟೇ ಬರೆಯಿರಿ. ಕಳಿಸುವಾಗ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ನಾಲ್ಕು ಬೆರಳು ಜಾಗ. ತುಂಬೋಕೆ ನಾನು ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆಯಿಂದ ಚಿಂದಿ ತರುತ್ತೇನೆ. ಕಾಗದದ ಹಾಗೆ ಕುಸಿಯಲ್ಲ. ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು.

ಮೊದಲ ಆರು ತಿಂಗಳು ಗೋಲಿ ಸೋಡಾ, ಔಷಧಿ ಸೀಸೆ, ಕಂದೀಲು, ಇಷ್ಟರಲ್ಲೇ ಇರಿ. ಒಂದು ಸಣ್ಣ ನೇರಳಾತೀತ ಟಾರ್ಚು, ಒಂದು ಭೂತಗನ್ನಡಿ ಸಾಕು. ಅನುಮಾನ ಬಂದ ಸೀಸೆ ಇದ್ದರೆ ತಳ, ಬಾಯಿ, ಪಕ್ಕದ ಗೆರೆ, ಮೂರೂ ಕಾಣುವ ಫೋಟೋ ಇಲ್ಲೇ ಕೆಳಗೆ ಹಾಕಿ. ನನಗೆ ತಿಳಿದಷ್ಟು ಹೇಳುತ್ತೇನೆ.