ಜಪಾನಿನ ಕ್ಯೋಟೋದಲ್ಲಿರುವ ಮಾಂಗಾ (ಅಲ್ಲಿನ ಕಾಮಿಕ್ಸ್) ಮ್ಯೂಸಿಯಂ ಮೊದಲು ಶಾಲೆಯಾಗಿತ್ತಂತೆ, ಹೌದಾ? ಯಾಕೆ ಮುಚ್ಚಿದರು?

ಹೌದು, ಶಾಲೆಯೇ. ತತ್ಸುಇಕೆ ಪ್ರಾಥಮಿಕ ಶಾಲೆ. 1869ರಲ್ಲಿ ಶುರುವಾಗಿ 1995ರಲ್ಲಿ ಮುಚ್ಚಿತು. ಮಕ್ಕಳು ಕಡಿಮೆಯಾದರು, ಮುಚ್ಚಿದರು, ಇಷ್ಟೇ ಉತ್ತರ ಅಂತ ಹೇಳಿ ಮುಗಿಸಬಹುದು. ಆದರೆ ಅದು ಹುಟ್ಟಿದ ಕಥೆ ಗೊತ್ತಿಲ್ಲದಿದ್ದರೆ ಕಟ್ಟಡ ಇನ್ನೂ ಯಾಕೆ ನಿಂತಿದೆ ಅನ್ನೋದು ಅರ್ಥವಾಗುವುದಿಲ್ಲ.

1869 ಅಂದರೆ ಚಕ್ರವರ್ತಿ ಟೋಕಿಯೋಗೆ ಹೋಗಿ ನೆಲೆಸಿದ ವರ್ಷ. ಸಾವಿರ ವರ್ಷಕ್ಕೂ ಜಾಸ್ತಿ ರಾಜಧಾನಿಯಾಗಿದ್ದ ಊರಿನಿಂದ ಅರಮನೆಯೇ ಎದ್ದು ಹೋದ ಮೇಲೆ ಉಳಿದವರಿಗೆ ಊರು ಪಾಳು ಬೀಳುತ್ತದೆ ಅನ್ನೋ ಭಯ. ಆಗ ಅವರು ಮಾಡಿದ ಕೆಲಸ ಏನು ಗೊತ್ತಾ? ಶಾಲೆ ಕಟ್ಟಿದ್ದು. ಅಕ್ಕಪಕ್ಕದ ಬೀದಿಗಳನ್ನು ಗುಂಪು ಮಾಡಿ, ಹೆಚ್ಚುಕಡಿಮೆ ಗುಂಪಿಗೊಂದರಂತೆ ಒಂದೇ ವರ್ಷದಲ್ಲಿ 64 ಶಾಲೆ ತೆರೆದರು. ಇಡೀ ದೇಶಕ್ಕೆ ಶಾಲಾ ಕಾನೂನು ಬಂದಿದ್ದು ಆಮೇಲೆ, 1872ರಲ್ಲಿ!

ದುಡ್ಡು? ಸರ್ಕಾರದ ನೆರವು ಇತ್ತು. ಅದರ ಜೊತೆಗೆ ಒಲೆ ಲೆಕ್ಕದಲ್ಲಿ ವಂತಿಗೆ ಎತ್ತಿದರು. ಒಲೆ ಹಚ್ಚುವ ಮನೆ ಅಂದಮೇಲೆ ಕೊಡಲೇಬೇಕು, ಮನೆಯಲ್ಲಿ ಓದುವ ಮಗು ಇರಲಿ ಬಿಡಲಿ. ಹಾಗಾಗಿ ಶಾಲೆ ಬರೀ ಮಕ್ಕಳದ್ದಾಗಿರಲಿಲ್ಲ. ಬೀದಿಯವರ ಸಭೆ, ಲಸಿಕೆ ಹಾಕುವುದು, ಎಲ್ಲಾದರೂ ಬೆಂಕಿ ಬಿತ್ತಾ ಅಂತ ನೋಡುವ ಕಾವಲು ಗೋಪುರ, ಎಲ್ಲ ಶಾಲೆಗಳಲ್ಲೇ ನಡೆಯುತ್ತಿತ್ತು.

ಮುಚ್ಚಿದ್ದಕ್ಕೆ ಕಾರಣ ಮಾಮೂಲಿ. ನಗರದ ನಡುವೆ ಆಫೀಸು, ಅಂಗಡಿ ತುಂಬಿದವು, ಸಂಸಾರಸ್ಥರು ಹೊರಗಿನ ಬಡಾವಣೆಗಳಿಗೆ ಹೋದರು, ಹುಟ್ಟುವ ಮಕ್ಕಳೂ ಕಡಿಮೆಯಾದರು. 1995ರಲ್ಲಿ ಇದನ್ನೂ ಸೇರಿಸಿ ಐದು ಶಾಲೆಗಳನ್ನು ಒಂದು ಮಾಡಿದರು, ಆ ಹೊಸ ಶಾಲೆಯ ಹೆಸರು ಗೊಶೊ ಮಿನಾಮಿ.

ಕಟ್ಟಡವನ್ನು ಕ್ಯೋಟೋ ನಗರಾಡಳಿತ ಮತ್ತು ಕ್ಯೋಟೋ ಸೇಕಾ ವಿಶ್ವವಿದ್ಯಾಲಯ ಸೇರಿ 2006ರಲ್ಲಿ ಮ್ಯೂಸಿಯಂ ಮಾಡಿದವು. ನಾನು ಹೋದಾಗ ಪುಸ್ತಕಕ್ಕಿಂತ ಗೋಡೆ, ಮೆಟ್ಟಿಲು ನೋಡಿದ್ದೇ ಜಾಸ್ತಿ. ಮುಖ್ಯ ಕಟ್ಟಡ 1929ರದು, ಮರದ ನೆಲ ಕಾಲಿಟ್ಟರೆ ಈಗಲೂ ಕಿರುಗುಟ್ಟುತ್ತದೆ. ಮಕ್ಕಳು ಓಡುತ್ತಿದ್ದ ಮೈದಾನಕ್ಕೆ ಕೃತಕ ಹುಲ್ಲು ಹಾಸಿದ್ದಾರೆ, ಜನ ಅದರ ಮೇಲೆ ಅಡ್ಡಾಗಿ ಮಾಂಗಾ ಓದುತ್ತಿರುತ್ತಾರೆ.

ಒಲೆ ವಂತಿಗೆ ಕೊಟ್ಟವರ ಮೊಮ್ಮಕ್ಕಳು ಇನ್ನೂ ಆ ಬೀದಿಗಳಲ್ಲಿರುವಾಗ ಸುಮ್ನೆ ಕೆಡವಿ ಮಾರುವುದು ಸುಲಭವಲ್ಲ ಅಂತ ನನಗನ್ನಿಸುತ್ತದೆ. ಶಾಲೆ ಹೋದರೂ ಹಳೆಯ ಶಾಲಾ ವಲಯದ ಲೆಕ್ಕದಲ್ಲೇ ಅಲ್ಲಿನ ನೆರೆಹೊರೆ ಸಂಘಗಳು ಇಂದಿಗೂ ನಡೆಯುತ್ತಿವೆ. 1993ರಲ್ಲಿ ಮುಚ್ಚಿದ ಮೇರಿನ್ ಶಾಲೆ 2000ದಲ್ಲಿ ಕಲಾ ಕೇಂದ್ರವಾಯಿತು. 1993ರಲ್ಲೇ ಮುಚ್ಚಿದ ರಿಸ್ಸೇ ಶಾಲೆ ಮಾತ್ರ ದೀರ್ಘ ಗುತ್ತಿಗೆಗೆ ಹೋಗಿ 2020ರಲ್ಲಿ ಹೋಟೆಲ್ ಆಯಿತು. ನನಗೇನೋ ಅದು ಅಷ್ಟು ಹಿಡಿಸಲಿಲ್ಲ. ಆದರೂ ಹಳೆಯ ಕಟ್ಟಡ ಉಳಿಸಿಕೊಂಡೇ ಮಾಡಿದ್ದಾರೆ ಅನ್ನಿ.

ನಿಮಗೆ ಶಾಲೆಗಳ ಇತಿಹಾಸವೇ ಬೇಕಿದ್ದರೆ ಮಾಂಗಾ ಮ್ಯೂಸಿಯಂಗಿಂತ ಹಳೆಯ ಕೈಚಿ ಶಾಲೆಗೆ ಹೋಗಿ. ಅದೂ ಆ 64ರಲ್ಲಿ ಒಂದು, ಮುಚ್ಚಿದ ಮೇಲೆ 1998ರಿಂದ ಕ್ಯೋಟೋದ ಶಾಲಾ ಇತಿಹಾಸದ ಮ್ಯೂಸಿಯಂ. ಹಳೆಯ ಪಠ್ಯಪುಸ್ತಕಗಳೆಲ್ಲ ಅಲ್ಲಿವೆ.